ಅತ್ತೆಯ ಕಣ್ಣು ಮತ್ತು ಅನನ್ಯತಾ ನಿರ್ಬಂಧ

ಯಾರಾದರೂ ‘ಇಲ್ಲ’ ಎಂದರೆ ನನಗೆ ಬೇಸರವಿಲ್ಲ. ಮನೆಯಲ್ಲೇ ದಿನಾ ಅನ್ನಿಸಿಕೊಂಡು ರೂಢಿಯಾಗಿದೆ. ಆದರೆ ಯಾಕೆ ಇಲ್ಲ ಎಂದು ಹೇಳದೆ ಬೈದು ಕಳಿಸಿದರೆ ಮೈಯೆಲ್ಲ ಉರಿಯುತ್ತದೆ.

ನನ್ನ ಸೋದರತ್ತೆ ಶಂಕ್ರವ್ವನ ಕಣ್ಣಿಗೆ ಪೊರೆ ಬಂದಿತ್ತು. ಹಾವೇರಿಯ ಆಸ್ಪತ್ರೆಯಲ್ಲಿ ಆಪರೇಷನ್ ಆಗಬೇಕಾದರೆ ಮೊದಲು ಆನ್‌ಲೈನಿನಲ್ಲಿ ಹೆಸರು ಹಚ್ಚಬೇಕು. ಬ್ಯಾಡಗಿಯ ಕಂಪ್ಯೂಟರ್ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯ ಗಿರಿಜಾ ಹೆಸರು, ವಯಸ್ಸು, ಫೋನ್ ನಂಬರು ತುಂಬಿ ಗುಂಡಿ ಒತ್ತಿದಳು. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ‘ಅನನ್ಯತಾ ನಿರ್ಬಂಧದ ಉಲ್ಲಂಘನೆ.’

ಅತ್ತೆ ಪರದೆಗೆ ಮೂಗು ತಾಗಿಸಿದಳು. “ನನಗ ಮಬ್ಬ ಕಾಣತೈತಿ. ಏನ ಬರದೈತಿ, ಓದಪಾ.”

ಓದಿದೆ. ಅವಳ ಮುಖ ಸಣ್ಣದಾಯಿತು. “ಉಲ್ಲಂಘನೆ ಅಂದ್ರ? ನಾ ಏನ ತಪ್ಪ ಮಾಡೇನಿ, ಗಿರಿಜವ್ವಾ?”

“ನಿಮ್ಮ ತಪ್ಪಲ್ರಿ ಅಮ್ಮಾರ. ಇದು ಎಲ್ಲಾರಿಗೂ ಹಿಂಗ ಬೈತೈತಿ. ಯಾಕಂತ ನನಗೂ ತಿಳಿದಿಲ್ರಿ.”

ಕಣ್ಣು ಕಾಣದ ಹೆಂಗಸು ತಪ್ಪಿತಸ್ಥಳ ಹಾಗೆ ಮನೆಗೆ ನಡೆದಳು. ನಾನು ಸಿಟ್ಟಿನಲ್ಲೇ ರಾಣೆಬೆನ್ನೂರಿನ ಗೆಳೆಯನಿಗೆ ಫೋನ್ ಹಚ್ಚಿದೆ. ಅವನು ಇಂಥದೇ ಪ್ರೋಗ್ರಾಮ್ ಬರೆಯುವವನು. ಒಂದು ನಂಬರಿಗೆ ಒಬ್ಬರೇ ಎಂಬ ಕಟ್ಟಳೆ ಇರುತ್ತದಂತೆ, ಅದೇ ಈ ‘ಅನನ್ಯತಾ ನಿರ್ಬಂಧ’. ನಮ್ಮಲ್ಲೋ ಮನೆಗೊಂದು ನಂಬರು, ಗ್ಯಾಸಿಗೂ ಅದೇ, ಬೀಗರಿಗೂ ಅದೇ. ಹೋದ ವರ್ಷ ಅತ್ತೆಯ ಗಂಡ, ನಮ್ಮ ಮಾವ, ತನ್ನ ಕಣ್ಣಿನ ಆಪರೇಷನ್ನಿಗೂ ಅದನ್ನೇ ಕೊಟ್ಟಿದ್ದ.

“ಕಟ್ಟಳೆ ಮುರದಾಗ ಏನ ಹೇಳಬೇಕಂತ ನಾವ ಬರೀಬೇಕು,” ಎಂದ ಗೆಳೆಯ. “ಬರೀಲಿಲ್ಲಂದ್ರ ಡೇಟಾಬೇಸ್ ತನ್ನ ಭಾಷಾದಾಗ ಒದರತೈತಿ. ಅದನ್ನ ಯಾರೋ ಶಬ್ದಕೋಶ ನೋಡಿ ಕನ್ನಡ ಮಾಡ್ಯಾರ.”

‘ಈ ನಂಬರು ಆಗಲೇ ಇದೆ, ಬೇರೆಯದು ಕೊಡಿ.’ ಇಷ್ಟು ಬರೆಯಲು ಆ ಪುಣ್ಯಾತ್ಮನ ಕೈ ಸವೆಯುತ್ತಿತ್ತೇ? ನಮ್ಮ ಮೆಣಸಿನಕಾಯಿ ಪೇಟೆಗೆ ಬಂದು ಕಲಿಯಲಿ. ದಲ್ಲಾಳಿ ಚೀಲಕ್ಕೆ ಕೈ ಹಾಕಿ, ಒಂದು ಕಾಯಿ ಹಿಸುಕಿ, “ಹಸಿ ಐತ್ರಿ ಗೌಡ್ರ, ಇನ್ನೊಂದೀಟ ಬಿಸಲಿಗೆ ಹಾಕಿ ತರ್ರಿ” ಅನ್ನುತ್ತಾನೆ. ಬೇಡ ಎಂದದ್ದೂ ಆಯಿತು, ಯಾಕೆಂದು ಹೇಳಿದ್ದೂ ಆಯಿತು, ಮುಂದಿನ ದಾರಿ ತೋರಿಸಿದ್ದೂ ಆಯಿತು. ಗೌಡರು ಚಹಾ ಕುಡಿದು ಮರ್ಯಾದೆಯಿಂದ ಮನೆಗೆ ಹೋಗುತ್ತಾರೆ.

ಕೊನೆಗೆ ನನ್ನ ನಂಬರು ಕೊಟ್ಟು ಅತ್ತೆಯ ಹೆಸರು ಹಚ್ಚಿಸಿದೆ. ಆಪರೇಷನ್ ಚೆನ್ನಾಗಿ ಆಯಿತು.

ಮೊನ್ನೆ ನನ್ನ ಕಣ್ಣಿನ ಸರತಿ ಬಂತು. ಜೊತೆಗೆ ಅತ್ತೆಯೂ ಬಂದಳು. ಗಿರಿಜಾ ಗುಂಡಿ ಒತ್ತಿದಳು. ನನ್ನ ನಂಬರಿನಲ್ಲಿ ಈಗ ಅತ್ತೆ ಕೂತಿದ್ದಳಲ್ಲ, ಅದು ಮರೆತೇಹೋಗಿತ್ತು; ಮತ್ತೆ ಅದೇ ಕೆಂಪು ಸಾಲು. ಈ ಸಲ ಅತ್ತೆ ಕುರ್ಚಿಯಿಂದ ಏಳದೆಯೇ ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಓದಿದಳು.

“ಅಕ್ಷರೆಲ್ಲಾ ನಿಚ್ಚಳ ಕಾಣಾಕತ್ತಾವ. ಆದ್ರ ಏನೂ ತಿಳೀವಲ್ದು,” ಎಂದು ನನ್ನ ಕಡೆ ತಿರುಗಿದಳು. “ನಿಂದ ಇರಲಿ ಬಿಡು. ಮೊದಲ ಇದನ್ನ ಬರದಾಂವನ ಹೆಸರ ಹಚ್ಚಪಾ, ಆಪರೇಷನ್ನಿಗೆ.”