ಪೇಂಟರ್ ಮಾವನ ಬಿಳಿ

ಅವರ ಎಡಗೈ ಹೆಬ್ಬೆರಳಿನ ಉಗುರು ಒಂದು ದಿನಾನೂ ಉಗುರಿನ ಬಣ್ಣದಲ್ಲಿ ಇದ್ದಿದ್ದು ನಾನು ನೋಡಿಲ್ಲ. ಒಂದಿನ ಕೆಂಪು, ಒಂದಿನ ಬೂದಿ, ಒಂದಿನ ಹೊಳೆಯೋ ಕಪ್ಪು. ಬಣ್ಣ ಕಲಸಿದ ಮೇಲೆ ಒಂದು ತೊಟ್ಟು ಆ ಉಗುರಿನ ಮೇಲೆ ಹಾಕ್ಕೊಂಡು, ಊದಿ ಒಣಗಿಸಿ, ಬೈಕಿನ ಟ್ಯಾಂಕಿಗೆ ಹೆಬ್ಬೆರಳು ಒತ್ತಿ ಹಿಡಿದು ನೋಡೋರು. ಉಗುರು ಎಲ್ಲಿ ಮುಗೀತು, ಟ್ಯಾಂಕ್ ಎಲ್ಲಿ ಶುರುವಾಯ್ತು ಅಂತ ಗೊತ್ತಾಗಬಾರದು. ಗೊತ್ತಾದ್ರೆ ಥಿನ್ನರ್ ಬಟ್ಟೇಲಿ ಒರೆಸಿ ಮತ್ತೆ ಮೊದಲಿಂದ. ಮದುವೆ ಮನೇಲಿ ಊಟಕ್ಕೆ ಕೂತಾಗ ಎಡಗೈನ ಪಂಚೆ ಮಡಿಕೇಲಿ ಬಚ್ಚಿಟ್ಕೊಳ್ಳೋರಂತೆ. ಅತ್ತೆ ಅದನ್ನ ಹೇಳ್ಕೊಂಡು ನಗೋರು. "ನೇಲ್ ಪಾಲಿಶ್ ಆಕೋ ಗಂಡ ಸಿಕ್ಕವ್ನೆ ನಂಗೆ, ನೋಡಮ್ಮಿ."

ಅತ್ತೆ ಅಂದ್ರೆ ಅವರ ಹೆಂಡ್ತಿ. ನಮಗೆ ಸಂಬಂಧ ಏನೂ ಇಲ್ಲ. ನಾನು ಅವರನ್ನ ಪೇಂಟರ್ ಮಾವ ಅಂತಿದ್ದೆ, ಹಂಗಾಗಿ ಇವರು ಅತ್ತೆ. ನಂದು ನಂಜನಗೂಡು, ಅವರದ್ದು ತಿ. ನರಸೀಪುರ. ಬಸ್ ಸ್ಟ್ಯಾಂಡಿಂದ ಹೊಳೆ ಕಡೆ ಹೋಗೋ ರೋಡಲ್ಲಿ ಒಂದು ತಗಡಿನ ಶೆಡ್, ಶೆಡ್ಡಿನ ಹಿಂದೇನೇ ಮನೆ.

ನಾನು ಅಲ್ಲಿಗೆ ಹೋಗಿದ್ದು ಒಂದು ಎಡವಟ್ಟು ಮಾಡ್ಕೊಂಡು. ಫ್ಯಾಕ್ಟ್ರಿ ಕೆಲಸಕ್ಕೆ ಸೇರಿದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಬೈಕ್ ತಗೊಂಡಿದ್ದೆ, ನೀಲಿದು. ಹುಡುಗೀರು ಸ್ಕೂಟಿ ತಗೋತಾರೆ, ಇವಳು ಗೇರ್ ಗಾಡಿ ತಗೊಂಡವ್ಳೆ ಅಂತ ಬೀದೀಲೆಲ್ಲ ಮಾತು. ಮೂರನೇ ವಾರಕ್ಕೇ ಮರಳಲ್ಲಿ ಜಾರಿ ಬಿದ್ದೆ. ನಂಗೆ ಮೊಣಕೈ ತರಚಿತು, ಅಷ್ಟೇ. ಟ್ಯಾಂಕಿನ ಬಲಗಡೆ ಮಾತ್ರ ಅಂಗೈ ಅಗಲ ಪೇಂಟ್ ಕಿತ್ಕೊಂಡು ತಗಡು ಕಾಣ್ತಿತ್ತು. ಬೀದಿಯೋರು ನೋಡೋ ಮುಂಚೆ ಸರಿ ಮಾಡಣ ಅಂತ ಫೋನಲ್ಲಿ ವಿಡಿಯೋ ನೋಡಕ್ಕೆ ಕೂತೆ. ನೋಡಿ ನೋಡಿ ಎಷ್ಟು ಧೈರ್ಯ ಬಂತು ಅಂದ್ರೆ, ಗಾಡಿಯ ಕಲರ್ ನಂಬರ್ ಹುಡುಕಿ, ಅದೇ ನಂಬರಿನ ಸ್ಪ್ರೇ ಡಬ್ಬ ತರಿಸಿ, ತಾರಸಿ ಮೇಲೆ ನಿಂತು ಹೊಡೆದೇಬಿಟ್ಟೆ. ಒಣಗಿದ ಮೇಲೆ ನೋಡಿದ್ರೆ ಟ್ಯಾಂಕಿಗೆ ಯಾರೋ ನೀಲಿ ಬ್ಯಾಂಡೇಜ್ ಅಂಟಿಸಿದಂಗಿತ್ತು ಕಣ್ರೀ! ನಂಬರ್ ಅದೇ, ಬಣ್ಣ ಬೇರೆ. ತಲೆ ಕೆಟ್ಟೋಯ್ತು. ಯಾರೋ ನರಸೀಪುರದ ಪೇಂಟರ್ ಹತ್ರ ಹೋಗು ಅಂದ್ರು.

ಮಾವ ಗಾಡಿ ಸುತ್ತ ಒಂದು ಸುತ್ತು ಬಂದ್ರು.

"ಯಾರಮ್ಮಿ ಒಡ್ದಿದ್ದು ಇದ್ನ?"

"ನಾನೇ."

"ಎಲ್ಲಿ ಕಲ್ತೆ?"

"ಫೋನಲ್ಲಿ."

"ಅಂಗಾರೆ ಫೋನ್‌ಗೇ ತೋರ್ಸೋಗು. ನನ್ನತ್ರ ಯಾಕ್ ಬಂದೆ?"

ನಾನು ಮುಖ ಇಳಿಸ್ಕೊಂಡು ನಿಂತೆ. ಅವರು ಸೀಟ್ ಬಿಚ್ಚಿದ್ರು. ಸೀಟಿನ ಅಡೀಲಿ, ಟ್ಯಾಂಕಿನ ಹಿಂಭಾಗದಲ್ಲಿ, ಬಿಸಿಲೇ ಬೀಳದ ಒಂದು ಚೂರು ಜಾಗ ಇತ್ತು. ಅಲ್ಲಿದ್ದ ನೀಲಿ, ನನ್ನ ಡಬ್ಬದ ನೀಲಿ, ಎರಡೂ ಒಂದೇ.

"ನೋಡ್ದಾ? ನೀ ತಪ್ಪು ಬಣ್ಣ ತಂದಿಲ್ಲ. ಇದು ಗಾಡಿ ಉಟ್ಟಿದಾಗಿನ ಬಣ್ಣ. ಈಗ ಅದ್ಕೆ ಏಳು ವರ್ಸ. ಬಿಸ್ಲು ತಿಂದದೆ, ಮಳೆ ಕುಡ್ದದೆ. ಏಳು ವರ್ಸದ ನೀಲಿ ಯಾವ ಡಬ್ಬದಲ್ಲೂ ಸಿಕ್ಕಕಿಲ್ಲ ಕನಮ್ಮಿ, ಕಲಸ್ಕಬೇಕು."

ಕಲಸಿದ್ರು. ನೀಲಿಗೆ ಒಂದಿಷ್ಟು ಬಿಳಿ, ಒಂದು ತೊಟ್ಟು ಕಪ್ಪು, ಕಡ್ಡಿ ತುದೀಲಿ ಹಳದಿ. ಉಗುರಿಗೆ ಹಾಕಿದ್ರು, ಒರೆಸಿದ್ರು, ಮತ್ತೆ ಹಾಕಿದ್ರು. ಐದನೇ ಸಲಕ್ಕೆ ಅವರ ಉಗುರು ನನ್ನ ಟ್ಯಾಂಕಿನೊಳಗೆ ಮಾಯವಾಯ್ತು. ಅಷ್ಟು ಹೊತ್ತೂ ನಾನು ಬಾಯಿ ಬಿಟ್ಕೊಂಡು ನಿಂತಿದ್ದೆ ಅನ್ಸತ್ತೆ. "ನಂಗೂ ಕಲಿಸ್ತೀರಾ ಮಾವ?" ಅಂತ ಬಾಯಿಂದ ಬಂದೇಬಿಡ್ತು. ಮಾವ ಅಂದಿದ್ದು ಅದೇ ಮೊದಲು.

"ಭಾನ್ವಾರ ಬಾ. ಅತ್ತು ಗಂಟೆ ಒಳಗೆ ಬಂದ್ರೆ ಕೆಲ್ಸ, ಆಮೇಲ್ ಬಂದ್ರೆ ಬರೀ ಟೀ."

ಹತ್ತರ ಮೇಲೆ ಹೊಳೆ ಕಡೆಯಿಂದ ಗಾಳಿ ಏಳ್ತಿತ್ತು. ಗಾಳಿ ಜೊತೆ ಧೂಳು, ಸಣ್ಣ ಸಣ್ಣ ಹುಳ. ಹಸಿ ಪೇಂಟ್ ಮೇಲೆ ಒಂದು ಹುಳ ಕೂತ್ರೂ ಅವರು ಇಡೀ ಟ್ಯಾಂಕ್ ಉಜ್ಜಿ ಮತ್ತೆ ಹೊಡೆಯೋರು. ಅದಕ್ಕೇ ಸ್ಪ್ರೇ ಕೆಲಸ ಎಲ್ಲ ಬೆಳಿಗ್ಗೇನೇ, ಅದೂ ನೆಲಕ್ಕೆ ನೀರು ಚಿಮುಕಿಸಿ. ಸ್ಪ್ರೇ ಗನ್ ಹಿಡಿದಾಗ ಫೋನ್ ಬಂದ್ರೂ ಎತ್ತುತಿರಲಿಲ್ಲ.

ನಾನು ಎಂಟೂಕಾಲಿಗೇ ಶೆಡ್ಡಲ್ಲಿರ್ತಿದ್ದೆ. ಮೊದಲ ಎರಡು ತಿಂಗಳು ಬಣ್ಣ ಮುಟ್ಟಕ್ಕೇ ಬಿಡಲಿಲ್ಲ. ಬರೀ ವಾಟರ್ ಪೇಪರ್ ಹಿಡ್ಕೊಂಡು, ನೀರು ಹಾಕಿ ಹಾಕಿ ಉಜ್ಜೋದು. ನಯವಾಯ್ತು ಮಾವ ಅಂದ್ರೆ, "ಕಣ್ ಮುಚ್ಚು, ಅಂಗೈಲಿ ನೋಡು" ಅನ್ನೋರು. ಕಣ್ಣು ಮುಚ್ಚಿ ಸವರಿದ್ರೆ ನಿಜವಾಗ್ಲೂ ಹಳೆ ಪೇಂಟಿನ ಅಂಚು ಕೈಗೆ ಸಿಗೋದು. "ಗಾಯದ ಮ್ಯಾಲೆ ಬಣ್ಣ ಮುಚ್ಚದಲ್ಲ ಕನಮ್ಮಿ, ಅಳೇದಕ್ಕೆ ಒಸದ ಸೇರ್ಸದು." ಇದನ್ನ ನೂರು ಸಲ ಹೇಳಿರಬೇಕು. ಮಧ್ಯಾಹ್ನ ಅತ್ತೆ ಮುದ್ದೆ, ಸೊಪ್ಪಿನ ಸಾರು ಹಾಕೋರು. ಫ್ಯಾಕ್ಟ್ರೀಲಿ ಆರು ದಿನ ಕಳೆಯೋದೇ ಆ ಭಾನುವಾರಕ್ಕೋಸ್ಕರ ಅನ್ನಂಗಾಗಿತ್ತು ನಂಗೆ.

ಎರಡನೇ ವರ್ಷ ಸುತ್ತೂರು ಕಡೆಯ ಒಬ್ಬ ಮೇಷ್ಟ್ರು ಒಂದು ಬಿಳಿ ಗಾಡಿ ತಂದ್ರು. ಟ್ಯಾಂಕ್ ಮೇಲೆ ಗೀರು ಬಿದ್ದಿತ್ತು. ಮಾವ ಬಿಳಿ ಕಲಸಿ, ಉಗುರಿಗೆ ಹಾಕಿ, ಟ್ಯಾಂಕಿಗೆ ಒತ್ತಿ, ತುಂಬಾ ಹೊತ್ತು ನೋಡಿದ್ರು. ಆಮೇಲೆ ನನ್ನ ಕಡೆ ತಿರುಗಿ, "ಸರಿಯಾಯ್ತಾ?" ಅಂದ್ರು.

ಅವರು ಅಲ್ಲೀವರೆಗೂ ಯಾರನ್ನೂ ಹಂಗೆ ಕೇಳಿದ್ದಿಲ್ಲ. ನಾನು ನೋಡಿದೆ. ಟ್ಯಾಂಕ್ ಬಿಳಿ. ಉಗುರು ಬೆಣ್ಣೆ ಥರ ಹಳದಿ. ಇಷ್ಟು ದೊಡ್ಡ ವ್ಯತ್ಯಾಸ ಅವರಿಗೆ ಕಾಣ್ತಾನೇ ಇರಲಿಲ್ಲ.

"ಸರಿಯಾಗಿದೆ ಮಾವ," ಅಂದೆ.

ಅವರು ನೀರು ಕುಡಿಯಕ್ಕೆ ಒಳಗೆ ಹೋದಾಗ ಬಣ್ಣದ ಬಟ್ಟಲಿಗೆ ನಾನೇ ಬಿಳಿ ಸೇರಿಸಿ ಸರಿ ಮಾಡಿದೆ. ಮೇಷ್ಟ್ರು ಖುಷಿಯಾಗಿ ಹೋದ್ರು. ಮಾವಾನೂ ಖುಷಿ. ಅವರ ಮರ್ಯಾದೆ ಉಳಿಸ್ದೆ ಅಂತ ಒಳಗೊಳಗೇ ಬೀಗಿದೆ. ಮುಂದಿನ ಭಾನುವಾರಗಳಲ್ಲಿ ಬಿಳಿ, ಕೆನೆ ಬಣ್ಣದ್ದು ಬಂದಾಗೆಲ್ಲ ಇದೇ ಕಳ್ಳ ಕೆಲಸ.

ಮೂರು ತಿಂಗಳಾದ ಮೇಲೆ ಸಿಕ್ಕಿಬಿದ್ದೆ. ಮಾವ ಒಳಗಿಂದ ಬಂದು ಬಟ್ಟಲನ್ನ ಕೈಗೆ ತಗೊಂಡ್ರು. ಮೇಲೆ ಕೆಳಗೆ ಆಡಿಸಿದ್ರು.

"ಬಟ್ಲು ತೂಕ ಬಂದದೆ."

ನಾನು ಕೈಲಿದ್ದ ಬಿಳಿ ಡಬ್ಬ ಕೆಳಗಿಟ್ಟೆ.

"ಎಷ್ಟ್ ದಿವ್ಸದಿಂದ ಮಾಡ್ತಿದ್ದೀಯೆ?"

"ಮೇಷ್ಟ್ರ ಗಾಡಿಯಿಂದ ಮಾವ."

ಬೈತಾರೆ ಅನ್ಕೊಂಡೆ. ಬೈಲಿಲ್ಲ. ಕಂಪ್ರೆಸರ್ ಆಫ್ ಮಾಡಿ, ಸ್ಟೂಲ್ ಮೇಲೆ ಕೂತು, ತುಂಬಾ ಮೆತ್ತಗೆ ಕೇಳಿದ್ರು. "ನೀನು ಬರದು ಭಾನ್ವಾರ. ಮಿಕ್ಕ ಆರು ದಿವ್ಸ ನಾ ಒಡ್ದು ಕಳಿಸಿರೋ ಗಾಡಿಗಳು?"

ಅಯ್ಯೋ ದೇವ್ರೇ. ಅದು ನನ್ನ ತಲೆಗೇ ಹೊಳೆದಿರಲಿಲ್ಲ. ಅವರು ಕೊಟ್ಟಿದ್ದ ಹಳದಿ ಮಚ್ಚೆ ಹೊತ್ಕೊಂಡು ಗಾಡಿಗಳು ಊರೂರು ತಿರುಗ್ತಿದ್ವು. ಗಾಡಿಯೋರೂ ಸುಮ್ಮನಿದ್ರು. ಮುಖಕ್ಕೆ ಹೆಂಗೆ ಹೇಳೋದು ಅಂತ ಅವರೂ ನನ್ನಂಗೇ ಅನ್ಕೊಂಡಿರಬೇಕು.

"ನನ್ ಕಣ್ಣು ಕಾಣ್ದಂಗಾದ್ರೆ ನಂಗೆ ಏಳಬೇಕು ತಾನೇ," ಅಂದ್ರು. "ನಾನೇನ್ ಸಣ್ ಮಗೀನಾ?"

ಅತ್ತೆ ಬಾಗಿಲಲ್ಲಿ ನಿಂತು ಸೆರಗಲ್ಲಿ ಬಾಯಿ ಮುಚ್ಕೊಂಡ್ರು. ಮಾವ ಎದ್ದು, "ನಡಿ, ಗಾಡಿ ತೆಗಿ" ಅಂದ್ರು.

ಪುಸ್ತಕದಲ್ಲಿ ಬರೆದಿಡೋ ಅಭ್ಯಾಸ ಅವರಿಗಿಲ್ಲ, ಎಲ್ಲ ನೆನಪಲ್ಲೇ. ಆ ಮೂರು ತಿಂಗಳಲ್ಲಿ ವಾರದ ದಿನ ಮಾಡಿದ ಬಿಳಿ ಗಾಡಿ ನಾಲ್ಕು ಅಂತ ಲೆಕ್ಕ ಹಾಕಿದ್ರು. ನನ್ನ ಬೈಕ್ ಹಿಂದೆ ಕೂತ್ಕೊಂಡು ಆ ಗಾಡಿಯೋರನ್ನ ಹುಡುಕ್ಕೊಂಡು ಹೊರಟ್ರು. ಬಸ್ ಸ್ಟ್ಯಾಂಡ್ ಟೀ ಅಂಗಡಿ ಹತ್ರ ಒಬ್ಬ ಕೂಗಿದ, "ಏನಣ್ಣೋ, ಡ್ರೈವರ್ ಮಡಿಕಂಡಿದ್ದೀಯಾ?"

"ಊ ಕಣ್ಲಾ," ಅಂದ್ರು ಮಾವ. "ಡ್ರೈವರ್ ಅಲ್ಲ, ಕಣ್ಣು ಮಡಿಕಂಡಿವ್ನಿ."

ಅವರು ಹಂಗಂದಾಗ ನನ್ನ ಕಣ್ಣಿಗೆ ರೋಡೇ ಮಂಜಾಯ್ತು.

ಅವತ್ತಿಂದ ಬಣ್ಣ ಕಲಸೋ ಕೈ ಅವರದು, ನೋಡೋ ಕಣ್ಣು ನಂದು. "ಏನ್ ಕಾಣ್ತದೆ, ಸುಳ್ ಏಳ್ಬೇಡ." "ಹಳದಿ ಜಾಸ್ತಿ ಮಾವ." "ಈಗ?" "ಇನ್ನೂ ಇದೆ." "ಈಗ?" ಹಿಂಗೇ ಭಾನುವಾರಕ್ಕೆ ಒಂದರಂತೆ ಮೂರು ಗಾಡಿ ತರಿಸಿ ಉಜ್ಜಿ ಹೊಸದಾಗಿ ಹೊಡೆದ್ವಿ. ವಾರದ ದಿನ ಬಿಳಿ ಗಾಡಿ ಬಂದ್ರೆ, "ನನ್ ಕಣ್ಣು ನಂಜನಗೂಡಲ್ಲದೆ, ಭಾನ್ವಾರ ಬನ್ನಿ" ಅಂತ ವಾಪಸ್ ಕಳಿಸೋರಂತೆ. ಆ ಮಾತು ಕೇಳಿ ನಾನು ಎಷ್ಟು ನಕ್ಕಿದ್ದೆ.

ನಾಲ್ಕನೇದು ತಗಡೂರಿನ ಒಬ್ಬ ಹೂವಿನ ವ್ಯಾಪಾರಿದು. ಎರಡು ಸಲ ಹೋದಾಗ್ಲೂ ಆತ ಊರಲ್ಲಿರಲಿಲ್ಲ. ಅಷ್ಟರಲ್ಲಿ ಮೈಸೂರಿಗೆ ಕಣ್ಣು ತೋರಿಸಕ್ಕೆ ಕರ್ಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ. ಆಪರೇಶನ್ ಮಾಡಿದ್ರೆ ಸರಿಹೋಗುತ್ತೆ, ಮೊದಲು ಶುಗರ್ ಇಳೀಲಿ ಅಂದ್ರು ಡಾಕ್ಟ್ರು. ಡೇಟ್ ಎರಡು ಸಲ ಮುಂದಕ್ಕೆ ಹೋಯ್ತು. ಮೂರನೇ ಡೇಟಿಗೆ ಒಂಬತ್ತು ದಿನ ಇತ್ತು. ಒಂದು ಬುಧವಾರ ಬೆಳಿಗ್ಗೆ ಶೆಡ್ಡಿನ ನೆಲಕ್ಕೆ ನೀರು ಚಿಮುಕಿಸ್ತಾ ಇದ್ದೋರು ಅಲ್ಲೇ ಕುಸಿದ್ರಂತೆ. ಅತ್ತೆ ಫೋನ್ ಮಾಡಿದಾಗ ನಾನು ಶಿಫ್ಟಲ್ಲಿದ್ದೆ. ಹೋಗೋಷ್ಟರಲ್ಲಿ ಎಲ್ಲ ಮುಗಿದಿತ್ತು.

ತಿಂಗಳಾದ ಮೇಲೆ ಒಬ್ಬಳೇ ತಗಡೂರಿಗೆ ಹೋದೆ. ಹೂವಿನೋರು ಮನೇಲಿದ್ರು. ಹಿಂಗಿಂಗೆ, ಮಾವನಿಗೆ ಕಣ್ಣು ಕಾಣ್ತಿರಲಿಲ್ಲ, ಬಣ್ಣ ತಪ್ಪಾಗಿದೆ, ನಾನು ಸರಿ ಮಾಡಿಕೊಡ್ತೀನಿ ಅಂದೆ. ಅವರು ಗಾಡಿ ನೋಡಿದ್ರು, ನನ್ನ ನೋಡಿದ್ರು.

"ಗೊತ್ತಿತ್ತು ಕನವ್ವ, ಅವತ್ತೇ ಕಾಣ್ತಿತ್ತು. ಅವರ ಕೈಕೆಲ್ಸ ಅದು. ಇರ್ಲಿ ಬುಡು."

"ಅಣ್ಣ, ಅವರಿಗೇ ಅದು ಇಷ್ಟ ಇರ್ಲಿಲ್ಲ."

"ಇರ್ಲಿ ಬುಡು ಅಂದ್ನಲ್ಲ."

ಟೀ ಕೊಟ್ರು, ಕುಡಿದು ಬಂದೆ.

ಆ ಗಾಡಿ ಈಗ್ಲೂ ಓಡಾಡ್ತಿದೆ. ಬೆಳಿಗ್ಗೆ ನಾನು ಫ್ಯಾಕ್ಟ್ರಿಗೆ ಹೋಗೋ ಹೊತ್ತಿಗೆ ನಂಜನಗೂಡು ಪೇಟೇಲಿ ಹೂವಿನ ಮೂಟೆ ಹೊತ್ಕೊಂಡು ಎದುರಿಗೆ ಬರುತ್ತೆ. ಬಿಳಿ ಟ್ಯಾಂಕ್, ಅದರ ಮೇಲೆ ಬೆಣ್ಣೆ ಬಣ್ಣದ ಒಂದು ಮಚ್ಚೆ. ಬೇರೆ ಯಾರಿಗೂ ಅದು ಕಾಣೋದೇ ಇಲ್ಲವೇನೋ. ನಾನು ಮಾತ್ರ ಹೆಲ್ಮೆಟ್ ಒಳಗೆ ಪ್ರತಿ ಸಲ ಜೋರಾಗಿ ಹೇಳ್ತೀನಿ, "ಹಳದಿ ಜಾಸ್ತಿ ಮಾವ." ಮೇಷ್ಟ್ರ ಗಾಡಿ ಬಂದ ದಿನ, ಅವರು ನನ್ನ ಕಡೆ ತಿರುಗಿ ಕೇಳಿದಾಗ ಇಷ್ಟೇ ಹೇಳಿದ್ರೆ ಸಾಕಿತ್ತು. ಕಣ್ಣಿನ ಆಸ್ಪತ್ರೆಗೆ ಮೂರು ತಿಂಗಳು ಮುಂಚೇನೇ ಹೋಗಿರ್ತಿದ್ವಿ.