ಕೆಂಪು ದಾರ ಕಟ್ಟಿದ ಬೀಗ

ಬೀಗದಕ್ಕನ ಅಪ್ಪನನ್ನು ಕೂಡಿಹಾಕುವ ಬೀಗ ಇನ್ನೂ ಹುಟ್ಟಿಲ್ಲ ಎಂದು ನಮ್ಮ ಬೀದಿಯಲ್ಲಿ ಒಂದು ಮಾತಿತ್ತು. ಹೇಳಿದವರೆಲ್ಲ ನಗುತ್ತಿದ್ದರು, ಬೀಗದಕ್ಕ ಮಾತ್ರ ನಗುತ್ತಿರಲಿಲ್ಲ. ನಗುವ ಹೊಟ್ಟೆ ಬೇರೆ, ಉರಿಯುವ ಹೊಟ್ಟೆ ಬೇರೆ.

ತೊಂಬತ್ತು ದಾಟಿದ ಅಪ್ಪ ಒಂದು ಕಾಲಕ್ಕೆ ಊರಿಗೆಲ್ಲ ಬೀಗ ರಿಪೇರಿ ಮಾಡಿದವನು. ಮಾರುಕಟ್ಟೆಯ ಮೆಟ್ಟಿಲ ಕೆಳಗೆ, ಬಗ್ಗಿಯೇ ಒಳಹೋಗಬೇಕಾದ ಒಂದು ಗೂಡಂಗಡಿ. ಅದರಲ್ಲಿ ಕೂತು ಅರ ಉಜ್ಜಿ ಉಜ್ಜಿ ಇಬ್ಬರು ಮಕ್ಕಳನ್ನು ಬೆಳೆಸಿದ. ಮಗನಿಗೆ ಈ ಕೆಲಸ ಹಿಡಿಸಲಿಲ್ಲ, ಅವನು ಬಸ್ಸಿನ ಚಾಲಕನಾದ. ಮಗಳಿಗೆ ಹಿಡಿಸಿತು. ಗಂಡ ತೀರಿಕೊಂಡ ಮೇಲೆ ಅವಳು ಅಪ್ಪನ ಮನೆಗೂ ಬಂದಳು, ಅಪ್ಪನ ಗೂಡಿಗೂ ಬಂದಳು. ಈಗ ಆ ಗೂಡಿನಲ್ಲಿ ಕೂರುವವಳು ಅವಳೇ, ಊರಿಗೆಲ್ಲ ಬೀಗದಕ್ಕ.

ಅಪ್ಪನ ತಲೆಯಿಂದ ಒಂದೊಂದೇ ಹೊರಟುಹೋಯಿತು. ಮೊದಲು ನಿನ್ನೆ ಮೊನ್ನೆಗಳು ಹೋದವು, ಆಮೇಲೆ ಹೆಂಡತಿ ಸತ್ತ ಸಂಗತಿ, ಕೊನೆಗೆ ಮಕ್ಕಳ ಮುಖ. ಬೆಳಗ್ಗೆ ಬೀಗದಕ್ಕ ಅವನನ್ನು ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ನೀರು ಹಾಕುವಾಗ ಎರಡೂ ಕೈಯಲ್ಲಿ ಮಾನ ಮುಚ್ಚಿಕೊಂಡು, "ಯಾರಮ್ಮ ನೀನು? ನಿಮ್ಮ ಮನೇಲಿ ಗಂಡಸರಿಲ್ವಾ?" ಎಂದು ಕೇಳುತ್ತಿದ್ದ.

"ಇದ್ದಾನೆ, ಒಬ್ಬ. ಕೈ ಎತ್ತಪ್ಪ, ಕಂಕುಳು ತೊಳೀಬೇಕು."

ಆದರೆ ಕೈಗಳು ಏನನ್ನೂ ಮರೆತಿರಲಿಲ್ಲ. ಅವಳು ಅಂಗಡಿಗೆ ಹೋಗುವಾಗ ಹೊರಗಿನಿಂದ ಬೀಗ ಜಡಿದಳು. ಅಪ್ಪ ಒಳಗಿನಿಂದ ಕೀಲುಗಳ ತಿರುಪು ಬಿಚ್ಚಿ, ಇಡೀ ಬಾಗಿಲನ್ನೇ ಕಳಚಿ, ಗೋಡೆಗೆ ಅಚ್ಚುಕಟ್ಟಾಗಿ ಒರಗಿಸಿಟ್ಟು ಹೊರಟುಹೋದ. ಕೀಲುಗಳಿಗೆ ಬೆಸುಗೆ ಹಾಕಿಸಿ, ಬಾಗಿಲಿಗೇ ಕೂರಿಸುವ, ಎರಡೂ ಕಡೆ ಕೀಲಿಕಂಡಿ ಇರುವ ದೊಡ್ಡ ಬೀಗ ಹಾಕಿದಳು. ಅದಕ್ಕೆ ಕೊಡೆಯ ಕಡ್ಡಿಯೊಂದು ಸಾಕಾಯಿತು. ಕೊಡೆ ಅಡಗಿಸಿಟ್ಟರೆ ಅವಳ ಕೂದಲಿನ ಪಿನ್ನು, ಅದನ್ನೂ ಅಡಗಿಸಿದರೆ ಚಮಚದ ಹಿಡಿ. ಕಲಿಸಿದವನಿಗೇ ಬೀಗ ಹಾಕುವುದೆಂದರೆ ಗುರುವಿಗೇ ತಿರುಮಂತ್ರ ಹಾಕಿದ ಹಾಗೆ!

ಅಂಗಡಿಗೇ ಕರೆದುಕೊಂಡು ಹೋಗಬಾರದಿತ್ತೇ ಎಂದು ನೀವು ಕೇಳಬಹುದು. ಹೋದಳು. ಗೂಡಿನಲ್ಲಿ ಕಾಲು ಚಾಚಲು ಜಾಗವಿಲ್ಲ, ಹತ್ತಿರದಲ್ಲಿ ಶೌಚಾಲಯವಿಲ್ಲ. ಒಂದು ಮಧ್ಯಾಹ್ನ ಗಿರಾಕಿಗಳ ಎದುರಲ್ಲೇ ಅವನ ಬಟ್ಟೆ ಒದ್ದೆಯಾಯಿತು. ಅಪ್ಪ ತಲೆ ತಗ್ಗಿಸಿದ್ದು ನೋಡಿದ ಮೇಲೆ ಅವಳು ಮತ್ತೆ ಕರೆದೊಯ್ಯಲಿಲ್ಲ.

ಆ ಬೇಸಿಗೆಯಲ್ಲಿ ಒಮ್ಮೆ ಅಪ್ಪ ಹೊರಗೆ ಹೋದವನು ಸಂಜೆಯಾದರೂ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಹಳೇ ಪೇಟೆಯ ಒಂದು ಪಾಳುಬಿದ್ದ ಮನೆಯ ಮುಂದೆ. ಗೇಟಿಗೆ ತುಕ್ಕು ಹಿಡಿದ ಬೀಗ, ಅದರ ಬುಡದಲ್ಲಿ ಬಿಸಿಲಿಗೆ ತುಟಿ ಒಡೆದು ಬಿದ್ದಿದ್ದ ಅಪ್ಪ. ಯಾವ ಕಾಲದಲ್ಲೋ ಆ ಮನೆಯವರು ಬೀಗ ತೆಗೆಯಲು ಕರೆದಿದ್ದರಂತೆ. ಕಣ್ಣು ಬಿಟ್ಟವನೇ ಹೇಳಿದ, "ಯಜಮಾನ್ರು ಇನ್ನೂ ಬಂದಿಲ್ಲ. ಅವ್ರಿಲ್ದೆ ಹೆಂಗೆ ಮುಟ್ಟೋದು?"

ಅದು ಅವರ ಕಸುಬಿನ ಕಟ್ಟುಪಾಡು. ಬೀಗದ ಯಜಮಾನ ಎದುರು ನಿಂತು, ಬಾಯಿಬಿಟ್ಟು "ತೆಗಿ" ಎನ್ನುವ ತನಕ ಬೀಗ ಮುಟ್ಟಬಾರದು. ಅಂಗಡಿಯಲ್ಲಿ ಗಿರಾಕಿ ಬಿಟ್ಟುಹೋದ ಬೀಗಕ್ಕೆ ಕೆಂಪು ದಾರ ಕಟ್ಟಿಡುವುದು ವಾಡಿಕೆ. ಕೆಂಪು ದಾರದ ಬೀಗ ಪರರ ಸೊತ್ತು. ಚಿಕ್ಕಂದಿನಲ್ಲಿ ಅಂಥದ್ದೊಂದನ್ನು ಆಟಕ್ಕೆಂದು ತೆಗೆದಾಗ ಬೀಗದಕ್ಕನ ಬೆನ್ನಿಗೆ ಬಿದ್ದ ಏಟೇ ಅಪ್ಪ ಅವಳಿಗೆ ಕೊಟ್ಟ ಒಂದೇ ಏಟು.

ವಿಷಯ ತಿಳಿದು ತಮ್ಮ ಬಂದ. ಖಾಕಿ ಅಂಗಿಯ ಗುಂಡಿ ಬಿಚ್ಚುತ್ತಾ ಬಾಗಿಲಲ್ಲೇ ಶುರುಮಾಡಿದ. "ಅಕ್ಕ, ಇನ್ನೊಂದ್ಸಲ ಅಪ್ಪ ಹೀಗೆ ಬೀದೀಲಿ ಬಿದ್ರೆ ನಿನ್ನ ಮಾತು ಕೇಳೋನಲ್ಲ ನಾನು. ವೃದ್ಧಾಶ್ರಮದಲ್ಲಿ ಮಾತಾಡಿದ್ದೀನಿ. ಸೇರಿಸೋದೇ."

"ಸೇರಿಸೋಕೆ ಅಪ್ಪ ಏನು ಹಳೇ ಕಪಾಟಾ? ಅಲ್ಲಿ ಅವ್ನ ಮೈ ತೊಳೆಯೋರು ಯಾರು?"

"ಅದಕ್ಕೇ ಅಂತ ಜನ ಇರ್ತಾರೆ."

"ಇಲ್ಲೂ ಇದ್ದೀನಲ್ಲ, ಅದಕ್ಕೇ ಅಂತ. ನೀನು ಬಂದು ಒಂದು ದಿನ ಅಪ್ಪನ ಹತ್ರ ಕೂತಿದ್ದೀಯಾ?"

"ಕೂತರೆ ನನ್ನನ್ನ ಕಂಡಕ್ಟರ್ ಅಂತಾನೆ. ಟಿಕೆಟ್ ಕೇಳ್ತಾನೆ," ಎಂದ ತಮ್ಮ. ನಗಲು ಹೋಗಿ ಆಗದೆ ಗೋಡೆಯ ಕಡೆ ತಿರುಗಿಕೊಂಡ.

ಅವನು ಹೋದ ಮೇಲೆ ಬೀಗದಕ್ಕ ಬಹಳ ಹೊತ್ತು ಯೋಚಿಸಿದಳು. ಅಪ್ಪ ದೂರವಾದರೆ ಅವಳಿಗಿನ್ನೇನು ಉಳಿಯುತ್ತದೆ? ಆ ಪಾಳುಮನೆಯ ಗೇಟು ನೆನಪಾಯಿತು. ತುಕ್ಕು ತಿಂದ ಬೀಗ, ಅಪ್ಪನ ಕೈಗೆ ಅದೊಂದು ಲೆಕ್ಕವೇ? ಆದರೂ ಅವನು ಮುಟ್ಟಿರಲಿಲ್ಲ.

ಮರುದಿನ ಅಂಗಡಿಯಿಂದ ಒಂದು ಗೇಣು ಕೆಂಪು ದಾರ ತಂದು ಮನೆಯ ಬೀಗದ ಹಿಡಿಗೆ ಒಳಗಡೆಯಿಂದ ಕಟ್ಟಿದಳು. "ಅಪ್ಪ, ಇದು ಗಿರಾಕಿ ಬೀಗ. ಅವ್ರು ಬರೋವರೆಗೂ ಯಾರೂ ಮುಟ್ಟೋ ಹಾಗಿಲ್ಲ."

ಅಪ್ಪ ದಾರವನ್ನು ಬೆರಳಲ್ಲಿ ಸವರಿ ನೋಡಿದ. ಬೆನ್ನು ನೆಟ್ಟಗಾಯಿತು. "ನಾನಿದ್ದೀನಿ. ನೀನು ಹೋಗಿ ಬಾ," ಎಂದ, ಹಳೆಯ ದನಿಯಲ್ಲಿ.

ಸಂಜೆ ಬಂದಾಗ ಬಾಗಿಲ ಪಕ್ಕದ ಮಣೆಯ ಮೇಲೆ ಕಾವಲುಗಾರನಂತೆ ಕೂತಿದ್ದ. ಮರುದಿನವೂ ಹಾಗೆಯೇ, ಆ ವಾರವಿಡೀ ಹಾಗೆಯೇ. ಬೀದಿಗೆ ಬೀದಿಯೇ ಮೆಚ್ಚಿಕೊಂಡಿತು. ಮೇಲ್ಮನೆಯ ದರ್ಜಿಯಮ್ಮ ಅಂದಳು, "ಅಕ್ಕ, ನನ್ನ ಯಜಮಾನ್ರಿಗೂ ಒಂದು ಗೇಣು ದಾರ ಕೊಡ್ರಿ, ಸಂಜೆ ಮೇಲೆ ಮನೇಲೇ ಇರ್ತಾರೇನೋ ನೋಡೋಣ." ಬೀಗದಕ್ಕ ಎಷ್ಟೋ ದಿನಗಳ ಮೇಲೆ ನಕ್ಕಳು.

ಹೀಗಿರುವಾಗ ಒಂದು ಬೆಳಗ್ಗೆ ಒಲೆಯ ಮೇಲೆ ಹಾಲಿತ್ತು. ಫೋನು ಬಂತು. ಯಾರದೋ ಮನೆಯಲ್ಲಿ ಕೂಸು ಒಳಗೆ, ತಾಯಿ ಹೊರಗೆ, ಬಾಗಿಲು ಹಾಕಿಕೊಂಡುಬಿಟ್ಟಿದೆ. ಬೀಗದಕ್ಕ ಕೈಚೀಲ ಹೆಗಲಿಗೇರಿಸಿ, ಅಪ್ಪನನ್ನು ಮಣೆಯ ಮೇಲೆ ಕೂರಿಸಿ, ಬೀಗ ತಿರುವಿ ಓಡಿದಳು. ದಿನವೂ ಮರೆಯದೆ ಒಲೆ ನೋಡಿ ಹೊರಡುವವಳು ಅಂದು ನೋಡಲಿಲ್ಲ.

ಹಾಲು ಉಕ್ಕಿ, ಬತ್ತಿ, ಸೀದು, ಪಾತ್ರೆ ಕೆಂಪಗಾಯಿತು. ಒಲೆಯ ಪಕ್ಕದ ಬಟ್ಟೆಗೆ ಕಿಡಿ ತಗುಲಿತು. ದರ್ಜಿಯಮ್ಮ ವಾಸನೆ ಹಿಡಿದು ಕೆಳಗೆ ಓಡಿಬಂದಾಗ ಕಿಟಕಿಯ ಸರಳುಗಳ ನಡುವಿನಿಂದ ಹೊಗೆ ಹೊರಬರುತ್ತಿತ್ತು.

"ಅಜ್ಜಾ! ಬಾಗಿಲು ತೆಗೀರಿ!"

"ಆಗಲ್ಲಮ್ಮ. ಇದು ಗಿರಾಕಿ ಬೀಗ."

"ಅಯ್ಯೋ, ಹೊಗೆ ತುಂಬ್ತಿದೆ ಅಜ್ಜ!"

"ಹೌದು. ಕಣ್ಣು ಉರೀತಿದೆ."

"ನಿಮಗೆ ತೆಗೆಯೋಕೆ ಬರುತ್ತಲ್ಲ, ತೆಗೀರಿ! ನಾನು ಹೇಳ್ತಿದ್ದೀನಲ್ಲ!"

"ನೀನು ಯಜಮಾನ್ತಿನಾ?"

ದರ್ಜಿಯಮ್ಮ ನಿಯತ್ತಿನ ಹೆಂಗಸು. ಗಾಬರಿಯಲ್ಲಿ "ಅಲ್ಲ" ಎಂದುಬಿಟ್ಟಳು.

"ಮತ್ತೆ? ಯಜಮಾನ್ರು ಬರ್ಲಿ," ಎಂದ ಅಪ್ಪ. ಆಮೇಲೆ ಒಳಗಿನಿಂದ ಕೆಮ್ಮು ಮಾತ್ರ ಕೇಳಿಸಿತು.

ಬೀಗದಕ್ಕನಿಗೆ ಫೋನು ಹೋಯಿತು. ಕೂಸಿನ ಮನೆಯ ಬಾಗಿಲು ಆಗತಾನೇ ತೆರೆದಿತ್ತು. ಅವಳು ಹೇಗೆ ಬಂದಳೋ, ಚಪ್ಪಲಿ ಎಲ್ಲಿ ಬಿಟ್ಟಳೋ. ಊರಿನ ಬೀಗಗಳನ್ನೆಲ್ಲ ತೆರೆದ ಕೈ ಸ್ವಂತ ಬಾಗಿಲ ಮುಂದೆ ತಡವರಿಸಿತು.

ಬಾಗಿಲು ತೆರೆಯಿತು. ದರ್ಜಿಯಮ್ಮ ಮುಖಕ್ಕೆ ಸೆರಗು ಮುಚ್ಚಿಕೊಂಡು ನುಗ್ಗಿ ಒಲೆ ಆರಿಸಿದಳು, ಉರಿಯುವ ಬಟ್ಟೆಯ ಮೇಲೆ ಕೊಡ ಬಗ್ಗಿಸಿದಳು. ಅಪ್ಪ ಮಣೆಯಿಂದ ಜಾರಿ ನೆಲಕ್ಕೆ ಕೂತಿದ್ದ. ಕಣ್ಣು ಮೂಗಿನಿಂದೆಲ್ಲ ನೀರು. ಬಲಗೈ ಮುಷ್ಟಿ ಬಿಗಿಯಾಗಿತ್ತು. ಬೀದಿಗೆ ತಂದು ನೀರು ಕುಡಿಸಿ ಬೀಗದಕ್ಕ ಆ ಮುಷ್ಟಿ ಬಿಡಿಸಿದಳು. ಒಳಗೆ, ಯಾವಾಗ ಎತ್ತಿಟ್ಟುಕೊಂಡಿದ್ದನೋ, ಕೊಡೆಯ ಕಡ್ಡಿ. ತುದಿ ಬಗ್ಗಿಸಿ ಸಿದ್ಧವಾಗಿತ್ತು, ಆ ಬೀಗಕ್ಕೆ ಎಷ್ಟು ಬೇಕೋ ಅಷ್ಟೇ ಬಗ್ಗಿಸಿದ್ದ.

"ಮುಟ್ಟಿಲ್ಲ," ಎಂದ ಅಪ್ಪ ಕೆಮ್ಮಿನ ನಡುವೆ. "ಬೇಕಾದ್ರೆ ದಾರ ನೋಡ್ಕೊಳ್ಳಿ."

ಬೀಗದಕ್ಕ ಸೆರಗಿನ ತುದಿಯಿಂದ ಅವನ ಕಣ್ಣು ಮೂಗು ಒರೆಸಿದಳು.

ವೈದ್ಯರು ನೋಡಿ, ಎದೆಗೆ ಹೊಗೆ ಸ್ವಲ್ಪ ಹಿಡಿದಿದೆ, ಸದ್ಯಕ್ಕೆ ಭಯವಿಲ್ಲ ಎಂದರು. ಅಪ್ಪ ಬೀದಿಯಲ್ಲಿ ಬಿದ್ದಿರಲಿಲ್ಲ, ಹೊಸ್ತಿಲು ಕೂಡ ದಾಟಿರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ತಮ್ಮನಿಗೆ ತಿಳಿಯುತ್ತಲೇ ಇರಲಿಲ್ಲ. ಆದರೂ ತಾನೇ ಫೋನು ಮಾಡಿ, ಹಾಲಿನಿಂದ ಹಿಡಿದು ದಾರದ ತನಕ ಎಲ್ಲ ಹೇಳಿದಳು.

"ಬೈಯೋದಿದ್ರೆ ಬೈದುಬಿಡೋ," ಎಂದಳು.

"ನಾಳೆ ನಂಗೆ ಮಧ್ಯಾಹ್ನದ ಪಾಳಿ. ಬೆಳಗ್ಗೆ ಬರ್ತೀನಿ."

ಬಂದಾಗ ಬಾಗಿಲಲ್ಲಿ ಬೀಗವಿರಲಿಲ್ಲ. ಅವಳು ಹಿಂದಿನ ಸಂಜೆಯೇ ತಿರುಪು ಬಿಚ್ಚಿ ತೆಗೆದಿದ್ದಳು. ಬೀಗ ಇದ್ದಲ್ಲಿ ಈಗ ಅಂಗೈ ಹಿಡಿಯುವಷ್ಟು ತೂತು, ಅದರಿಂದ ಬೀದಿ ಕಾಣುತ್ತಿತ್ತು. ತಮ್ಮ ಆ ತೂತನ್ನೂ ಸುಟ್ಟು ಕಪ್ಪಾದ ಅಡುಗೆಮನೆಯ ಗೋಡೆಯನ್ನೂ ನೋಡಿದ. ವೃದ್ಧಾಶ್ರಮದ ಮಾತೆತ್ತುತ್ತಾನೆಂದು ಅವಳು ಕಾದಳು.

"ಒಬ್ಬಳ ಕೈಲಿ ಆಗಲ್ಲ ಕಣೋ," ಅಂದಳು ಅವಳೇ. ಇಷ್ಟು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಹೊರಟದ್ದು ಅದೇ ಮೊದಲು. "ಕರ್ಕೊಂಡು ಹೋಗ್ತೀಯಾ, ಹೋಗು. ಇಲ್ಲಾ, ನೀನೂ ಬಂದು ಕೂತ್ಕೋ."

ತಮ್ಮ ಅಂಗಿ ಕಳಚಿ ಮೊಳೆಗೆ ಹಾಕಿದ.

ಅವಳು ಅಂಗಡಿಗೆ ಹೋದಳು. ಕೂತರೆ ಕೈಗೆ ಕೆಲಸ ಹತ್ತಲಿಲ್ಲ. ಮಧ್ಯಾಹ್ನಕ್ಕೆ ಮೊದಲೇ ಮನೆಗೆ ಬಂದರೆ ಬಾಗಿಲು ಹಾರುಹೊಡೆದಿದೆ, ಒಳಗೆ ಯಾರೂ ಇಲ್ಲ. ಬೀದಿಯ ಕೊನೆಗೆ ಓಡಿದಳು.

ಅಪ್ಪ ಮುಂದೆ, ಅವನ ತೋಳು ಹಿಡಿದು ತಮ್ಮ ಹಿಂದೆ, ನಿಧಾನವಾಗಿ ಬರುತ್ತಿದ್ದರು. ತಮ್ಮನ ಬನಿಯನ್ ಬೆವರಿಗೆ ಮೈಗಂಟಿತ್ತು.

"ಪ್ರತಿ ಗೇಟಿನ ಮುಂದೂ ನಿಲ್ತಾನೆ ಅಕ್ಕ. ಯಜಮಾನ್ರು ಬರಬೇಕಂತೆ. ದಿನಾ ಹೀಗೇನಾ?"

"ದಿನಾ."

"ನಾಳೆ ನಂಗೆ ಬೆಳಗಿನ ಪಾಳಿ."

"ನಾಡಿದ್ದು?"

"ನೋಡೋಣ," ಎಂದ ತಮ್ಮ. ಆ "ನೋಡೋಣ"ದಲ್ಲಿ ಎಷ್ಟು ಹೌದು, ಎಷ್ಟು ಇಲ್ಲ ಎಂದು ಅವಳು ಅಳೆಯಲು ಹೋಗಲಿಲ್ಲ. ನಾಳೆಗೆ ಏನು ಮಾಡುವುದೆಂದು ಅವಳಿಗೂ ಗೊತ್ತಿರಲಿಲ್ಲ.

ಅಪ್ಪ ಮನೆಯ ಬಾಗಿಲಿಗೆ ಬಂದು ನಿಂತ. ತೂತಿನೊಳಗೆ ಬೆರಳು ಹಾಕಿ ಸುತ್ತ ಸವರಿದ. "ಯಾರ ಮನೆ ಇದು? ಬಾಗಿಲಿಗೆ ಬೀಗ ಬೇಡ್ವಾ? ಹಾಕಿಕೊಡ್ಲಾ?"

"ಬೇಡಪ್ಪ."

"ನಿನ್ನನ್ನ ಕೇಳಿಲ್ಲಮ್ಮ. ಯಜಮಾನ್ರನ್ನ ಕೇಳು."

ಬೀಗದಕ್ಕ ಅವನ ಕೈಯನ್ನು ತೂತಿನಿಂದ ಮೆಲ್ಲಗೆ ಬಿಡಿಸಿ, ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಕೇಳಿದೆ ಅಪ್ಪ. ಯಜಮಾನ್ರೇ ಬೇಡ ಅಂದ್ರು."