ಕ್ಯಾರವಾನಿನ ಚಕ್ರಕ್ಕೆ ನಿಂಬೆಹಣ್ಣು

ಸಮುದ್ರದ ಪಕ್ಕ ಒಂದು ಕ್ಯಾರವಾನ್ ಇದ್ದರೆ ಮನಸ್ಸಿಗೆ ವಿಶ್ರಾಂತಿ ಎಂದು ನನ್ನ ಗಂಡನಿಗೆ ಯಾರು ಹೇಳಿದರೋ, ಅವರು ಕೈಗೆ ಸಿಕ್ಕರೆ ನಾನು ಎರಡು ಮಾತಾಡುವುದಿದೆ. ಇವರು ಮೈಸೂರಿನವರು, ಸಮುದ್ರ ಕಂಡದ್ದು ಶಾಲೆಯ ಪ್ರವಾಸದಲ್ಲಿ. ನಾನು ಉಡುಪಿ ಕಡೆಯವಳು. ಉಪ್ಪುಗಾಳಿ ಕಿಟಕಿಯ ಸರಳನ್ನೂ ಸೈಕಲ್ಲಿನ ಚೈನನ್ನೂ ಹೇಗೆ ತಿಂದುಹಾಕುತ್ತದೆಂದು ನೋಡುತ್ತಲೇ ಬೆಳೆದವಳು. ಆದರೂ ನಾವೀಗಿರುವ ಮಲೇಷ್ಯಾದಲ್ಲಿ, ಪೋರ್ಟ್ ಡಿಕ್ಸನ್ ಊರು ದಾಟಿದ ಮೇಲಿನ ಸದ್ದಿಲ್ಲದ ಕ್ಯಾರವಾನ್ ಪಾರ್ಕೊಂದರಲ್ಲಿ, ಗಾಳಿಮರಗಳ ಕೆಳಗೆ ನಿಂತಿದ್ದ ಹಳೆಯ ಕ್ಯಾರವಾನನ್ನು, ಕಾರಿನ ಹಿಂದೆ ಕಟ್ಟಿ ಎಳೆಯುವಂಥ ಗಾಡಿಮನೆಯನ್ನು, ಕೊಂಡೆವು. ಕಾರಣ ಒಂದೇ. ಹಾಸಿಗೆಯ ಕಾಲ್ದೆಸೆಗೆ ದೊಡ್ಡ ಕಿಟಕಿ. ಮಲಗಿದರೆ ಎದುರಿಗೆ ಬರೀ ಸಮುದ್ರ. ಮೊದಲ ದಿನ ಇವರು ಚಪ್ಪಲಿ ಸಮೇತ ಅಲ್ಲಿ ಉರುಳಿಕೊಂಡು, "ನಂಗೆ ಇಷ್ಟು ಸಾಕು ಕಣೇ" ಅಂದರು.

ಅವರಿಗೆ ಸಾಕಾಯಿತು, ನನಗೆ ಶುರುವಾಯಿತು. ಸುಬಾಂಗ್ ಜಯಾದ ಮನೆಯಲ್ಲಿ ಕೂತರೆ ಅಲ್ಲಿಯ ಗ್ಯಾಸ್ ಸಿಲಿಂಡರಿನ ಯೋಚನೆ. ಅಲ್ಲಿ ಹೋಗಿ ಕೂತರೆ ಮನೆಯ ಗೀಸರಿನ ಯೋಚನೆ. ಕೋತಿ ನುಗ್ಗಿದರೆ? ಕೊಂಬೆ ಮುರಿದು ಬಿದ್ದರೆ? ವಾರವಿಡೀ ಕಾಲೇಜಿನಲ್ಲಿ ಪಾಠ ಮಾಡಿ, ಶನಿವಾರ ಅಷ್ಟು ದೂರ ಹೋಗಿ ಹಾಸಿಗೆಯಡಿಯ ಬೂಷ್ಟು ಒರೆಸುವುದೇ ನನ್ನ ವಿಶ್ರಾಂತಿ.

ಈ ವರ್ಷ ಆಯುಧಪೂಜೆಗೆ ಕಾರಿನ ಚಕ್ರದಡಿ ನಿಂಬೆಹಣ್ಣು ಇಡುವಾಗ ತಟ್ಟನೆ ನೆನಪಾಯಿತು. ಕ್ಯಾರವಾನಿಗೆ ಪೂಜೆಯೇ ಆಗಿಲ್ಲ! ಆ ಶನಿವಾರ ದಾರಿಯುದ್ದಕ್ಕೂ ಅದೇ ಮಾತು.

"ಅದಕ್ಕೂ ಚಕ್ರ ಉಂಟಲ್ಲ ಮಾರಾಯ್ರೆ?"

"ಚಕ್ರ ಇದ್ದು ಅದೆಲ್ಲಿಗೆ ಹೋಗತ್ತೆ? ತಗೊಂಡಾಗ ಮನೆ ಅಂತ ಹಾಲುಕ್ಕಿಸಿದ್ದು ಯಾರು? ಆ ಇರುವೆಗಳು ಇನ್ನೂ ಹೋಗಿಲ್ಲ."

"ಆಗ ಮನೆ. ಈಗ ಗಾಡಿ."

"ಅಮ್ಮಾ, ಪಿಕ್ ಒನ್ ಲಾ," ಅಂದಳು ಹಿಂದಿನ ಸೀಟಿನಿಂದ ಮಗಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಲ್ಲಿಯವರ ಹಾಗೆ 'ಲಾ' ಸೇರಿಸಿದ ಇಂಗ್ಲಿಷಿನಲ್ಲಿ ಬರುತ್ತದೆ.

ನಾನು ಕೇಳಿದ್ದೇನೂ ದೊಡ್ಡದಲ್ಲ. ಎರಡು ಚಕ್ರ, ಎರಡು ನಿಂಬೆಹಣ್ಣು, ಒಂದು ಗೇಣು ಮುಂದೆ ನೂಕಿದರಾಯಿತು. ಅರಿಸಿನ ಕುಂಕುಮ ಹಚ್ಚಿ, ಮಲ್ಲಿಗೆ ಹಾಕಿ, ಆರತಿ ಎತ್ತಿದೆ. ಇವರು ಗೊಣಗುತ್ತ, ಕ್ಯಾರವಾನಿನ ಮೂಲೆಗಳಿಗೆ ಆಸರೆಯಾಗಿದ್ದ ಕಬ್ಬಿಣದ ಕಾಲುಗಳನ್ನು ಮಡಚಿ, ಚಕ್ರಕ್ಕೆ ಒತ್ತುಕೊಟ್ಟಿದ್ದ ಇಟ್ಟಿಗೆಗಳನ್ನು ತೆಗೆದರು. ಪಾರ್ಕ್ ನೋಡಿಕೊಳ್ಳುವ ಮಲಯ್ ಹಿರಿಯರು, ಎಲ್ಲರೂ 'ಪಾಕ್ ಚಿಕ್', ಅಂದರೆ ಚಿಕ್ಕಪ್ಪ, ಎಂದು ಕರೆಯುವವರು, ತಾವೂ ಬಂದು ಹುಮ್ಮಸ್ಸಿನಿಂದ ಹೆಗಲು ಕೊಟ್ಟರು. ಮಗಳೂ ಸೇರಿ ಮೂವರೂ ನೂಕಿದರು. ಅಲುಗಲಿಲ್ಲ. "ಇನ್ನೊಂಚೂರು!" ಅಂದೆ.

ಬಲಗಡೆಯ ಚಕ್ರ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ ಮುಂದೆ ಓಡಿತು. ಎಡಗಡೆಯದು ಇದ್ದಲ್ಲೇ ಮರಳಿನಲ್ಲಿ ಹೂತುಕೊಂಡಿತು. ಇಡೀ ಕ್ಯಾರವಾನ್ ಗರಗರನೆ ಕಾಲು ಸುತ್ತು ತಿರುಗಿ, ಉಸಿರುಬಿಟ್ಟಂತೆ ಕೂತುಬಿಟ್ಟಿತು. ಇವರು ಒಳಗೆ ಓಡಿದರು. ಹಾಸಿಗೆಯೆದುರಿನ ದೊಡ್ಡ ಕಿಟಕಿಯ ತುಂಬ ಈಗ ಪಾರ್ಕಿನ ಟಾಯ್ಲೆಟ್ಟುಗಳು.

ಮತ್ತೆ ನೂಕಿದರು, ಎತ್ತಿದರು, ಹಲಗೆ ಕೊಟ್ಟರು. ಎಡಚಕ್ರ ಇನ್ನಷ್ಟು ಹೂತುಕೊಂಡಿತೇ ಹೊರತು ಏಳಲಿಲ್ಲ. "ಟ್ರ್ಯಾಕ್ಟರ್ ಇಲ್ಲದೆ ಆಗಲ್ಲ ಲಾ ಮೇಡಂ," ಎಂಬರ್ಥದ ಇಂಗ್ಲಿಷ್ ಹೇಳಿ, ಪಾರ್ಕಿನ ಟ್ರ್ಯಾಕ್ಟರ್ ಕೆಟ್ಟು ನಿಂತಿದೆಯೆಂದೂ ಹೇಳಿ, ಪಾಕ್ ಚಿಕ್ ಪ್ರಸಾದದ ಬಾಳೆಹಣ್ಣು ತಗೊಂಡು ಹೋದರು.

ಇವರು ಮೆಟ್ಟಿಲ ಮೇಲೆ ಕೂತರು. "ಸಮುದ್ರ ಕಾಣದಿದ್ರೆ ಇದು ಯಾಕೆ ಬೇಕು? ಮಾರಿಬಿಡೋಣ."

ನಾನು ಕುಣಿಯಬೇಕಿತ್ತು. ಕೊಂಡ ದಿನದಿಂದ ಈ ಮಾತಿಗೇ ಕಾದಿದ್ದೆ. ಬಾಯಿಗೆ ಬಂದದ್ದು ಬೇರೆ: "ಟಾಯ್ಲೆಟ್ ನೋಡಿಕೊಂಡು ಮಲಗಲಿಕ್ಕೆ ಯಾರು ಬರ್ತಾರೆ ಮಾರಾಯ್ರೆ?"

ಅವರು ನಗಲಿಲ್ಲ. ನಾನು ಕಾಫಿ ಮಾಡುವ ಲಕ್ಷಣವೂ ಕಾಣದೆ, ತಾವೇ ಒಳಗೆ ಹೋದರು. ಸ್ಟವ್ ಹಚ್ಚಿದ ಸದ್ದಾಯಿತು. ಆಮೇಲೆ ಸದ್ದೇ ಇಲ್ಲ. ಗ್ಯಾಸ್! ಎಂದು ನುಗ್ಗಿದೆ. ಇವರು ಸ್ಟವ್ ಮುಂದೆ ಕಂಬದ ಹಾಗೆ ನಿಂತಿದ್ದಾರೆ. ಅದರ ಮೇಲೆ ಊಟದ ತಟ್ಟೆಯಷ್ಟಗಲದ ಕಿಟಕಿ. ಈವರೆಗೆ ಅದರಲ್ಲಿ ಪಕ್ಕದ ಕ್ಯಾರವಾನಿನವರ ಒದ್ದೆ ಟವೆಲ್ ಬಿಟ್ಟು ಬೇರೇನೂ ಕಂಡದ್ದಿಲ್ಲ. ಈಗ ಅಲ್ಲಿ ಸಮುದ್ರ. ಕೆಳಗೆ ಹಾಲು ಉಕ್ಕಿ ಸ್ಟವ್ ತುಂಬ ಹರಿಯುತ್ತಿದೆ.

ಹಿಂದಿನಿಂದ ಇಣುಕಿದ ಮಗಳು, "ಓಕೆ. ಸೋ ಇಟ್ಸ್ ಎ ಹೌಸ್," ಅಂದಳು.

ಮಾರುವ ಮಾತು ಮತ್ತೆ ಬರಲಿಲ್ಲ. ಟ್ರ್ಯಾಕ್ಟರ್ ಇನ್ನೂ ಸರಿಯಾಗಿಲ್ಲ. ಅಡುಗೆ ಇವರ ಪಾಲಿಗೆ ಹೋಗಿದೆ. ಸಮುದ್ರ ನೋಡುತ್ತ ಮಾಡಿದ ಉಪ್ಪಿಟ್ಟಿನಲ್ಲಿ ಒಂದೋ ಉಪ್ಪಿಲ್ಲ, ಇಲ್ಲವೇ ಎರಡು ಸಲ ಉಪ್ಪು. ನಾನು ಹಾಸಿಗೆಯ ಮೇಲೆ ಕಾಲುಚಾಚಿ, ದೊಡ್ಡ ಕಿಟಕಿಯಲ್ಲಿ ಯಾರು ನಲ್ಲಿ ಸರಿಯಾಗಿ ನಿಲ್ಲಿಸದೆ ಹೋದರೆಂದು ನೋಡುತ್ತಿರುತ್ತೇನೆ. ಎದ್ದು ಹೋಗಿ ನಿಲ್ಲಿಸಿ ಬರುವಾಗ, ಎಡಚಕ್ರದ ಮುಂದೆ ಒಮ್ಮೆ ಬಗ್ಗಿ ನೋಡುತ್ತೇನೆ. ಆ ನಿಂಬೆಹಣ್ಣು ಇನ್ನೂ ಒಡೆದಿಲ್ಲ.